ಮೂರನೆಯ ಪೊಟ್ಟಣದ ಕಲ್ಲು

ಹಿಮಾಯತ್‌ನಗರದ ದೊಡ್ಡ ರಸ್ತೆ ಬಿಟ್ಟು ಎರಡನೆಯ ಗಲ್ಲಿಗೆ ತಿರುಗಿದರೆ ಜೋಳದ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತದೆ. ಅದು ಬಂಡೆಪ್ಪನ ಖಾನಾವಳಿ. ಲಿಂಗಸುಗೂರು ಕಡೆಯಿಂದ ಹೈದರಾಬಾದಿಗೆ ಬಂದ ಅವನ ಅಪ್ಪ ಶುರು ಮಾಡಿದ್ದು. ಗಲ್ಲಾದ ಹಿಂದೆ ಕೂರುವವನು ಬಂಡೆಪ್ಪನಾದರೂ ಕಟ್ಟಡದ ಕಾಗದದಲ್ಲಿ ಎರಡು ಹೆಸರುಗಳಿವೆ: ಅವನದು ಮತ್ತು ಅವನ ಅಕ್ಕ ಗಿರಿಜಾಬಾಯಿಯದು. ಈ ಕತೆ ಆ ಅಕ್ಕನದು.

ಗಿರಿಜಾಬಾಯಿಗೆ ಈಗ ಅರವತ್ತೆರಡು. ದಿಲ್‌ಸುಖ್‌ನಗರದಲ್ಲಿ ಮಗಳು ಕಾವ್ಯಾಳ ಜೊತೆ ಇದ್ದಾಳೆ. ಕಾವ್ಯಾ ಅಲ್ಲಿಯ ಒಂದು ಕೋಚಿಂಗ್ ಸೆಂಟರ್‌ನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತಾಳೆ. ತಾಯಿಯೂ ಅದೇ ವಿಷಯ ಓದಿದವಳೇ. ಹಾಲಿಗೆ ಹೆಪ್ಪು ಹಾಕುವಾಗ ಎಲ್ಲರಂತೆ ಬೆರಳು ಅದ್ದುವುದಿಲ್ಲ, ಥರ್ಮಾಮೀಟರ್ ಅದ್ದುತ್ತಾಳೆ. ಮನೆಯ ಪ್ರತಿ ಡಬ್ಬಿಗೂ ಚೀಟಿ ಅಂಟಿಸಿ, ಚೀಟಿಯ ಮೇಲೆ ತಾರೀಕು ಬರೆಯುತ್ತಾಳೆ. ಪಕ್ಕದ ಮನೆಯವರು ನಗುತ್ತಾರೆ. ಆದರೆ ಅವರ ಮೊಸರು ಬೇಸಿಗೆಯಲ್ಲಿ ಹುಳಿಯಾದಾಗ ಬಟ್ಟಲು ಹಿಡಿದು ಬರುವುದು ಈ ಮನೆಗೇ.

ಮದುವೆಗೆ ಮುಂಚೆಯೇ ಆಕೆ ಊರ ಕಡೆಯ ಒಂದು ಚಿನ್ನದ ಗಣಿಯ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದಳು. ಗಣಿಯ ಕಲ್ಲನ್ನು ನುಣ್ಣಗೆ ಅರೆದು, ಸೀಸದ ಪುಡಿ ಬೆರೆಸಿ, ಮೂಸೆಯಲ್ಲಿ ಕರಗಿಸಿ, ಕೊನೆಗೆ ಉಳಿಯುವ ಸಾಸಿವೆಗಿಂತ ಸಣ್ಣ ಮಣಿಯನ್ನು ತೂಗುವುದು. ಒಂದು ಟನ್ ಕಲ್ಲಿನಲ್ಲಿ ಎಷ್ಟು ಗ್ರಾಂ ಬಂಗಾರವಿದೆ ಎಂದು ಲೆಕ್ಕ ಹಾಕಿ ಬರೆಯುವುದು. ಮೂವತ್ತಮೂರು ವರ್ಷ ಅದೇ ಕೆಲಸ.

ಸೇರಿದ ಎರಡನೆಯ ತಿಂಗಳಲ್ಲಿ ನಡೆದದ್ದನ್ನು ಆಕೆ ಇನ್ನೂ ಮರೆತಿಲ್ಲ. ಒಂದು ಪೊಟ್ಟಣದಲ್ಲಿ ಟನ್ನಿಗೆ 0.3 ಗ್ರಾಂ ಎಂದು ಬರೆದುಕೊಟ್ಟಿದ್ದಳು. ಹಿರಿಯ ರಸಾಯನಜ್ಞರು ಕರೆದು, ಆ ಪೊಟ್ಟಣದಲ್ಲಿದ್ದದ್ದು ಗಣಿಯ ಕಲ್ಲೇ ಅಲ್ಲ, ಆಫೀಸಿನ ಮೆಟ್ಟಿಲಿಗೆ ಹಾಕಿಸಿದ ಕಲ್ಲಿನ ಚೂರು ಎಂದರು. ಪ್ರತಿ ಕಂತಿನಲ್ಲೂ ಇಂಥ ಒಂದೆರಡು ಖಾಲಿ ಕಲ್ಲುಗಳನ್ನು ಯಾರಿಗೂ ಹೇಳದೆ ಸೇರಿಸುವುದು ಅಲ್ಲಿಯ ಪದ್ಧತಿ. ಖಾಲಿ ಕಲ್ಲಿನಲ್ಲಿ ಬಂಗಾರ ಕಂಡರೆ ತಪ್ಪು ಕಲ್ಲಿನದಲ್ಲ, ಪರೀಕ್ಷೆ ಮಾಡಿದವರದು. ಅವರು ಬೈಯಲಿಲ್ಲ. "ಗಿರಿಜಾ, ಅರೆಯೋ ಯಂತ್ರ ಸರಿಯಾಗಿ ತೊಳಿ, ಹಿಂದಿನ ಕಲ್ಲಿನ ಪುಡಿ ಉಳದೈತಿ" ಎಂದಷ್ಟೇ ಹೇಳಿದರು. ಆಕೆ ತೊಳೆದಳು. ಆಮೇಲೆ ನಿವೃತ್ತಿಯ ದಿನದವರೆಗೂ ಆಕೆಯ ಖಾಲಿ ಕಲ್ಲುಗಳು ಖಾಲಿಯಾಗಿಯೇ ಉಳಿದವು.

ಕಳೆದ ಮಾಘದಲ್ಲಿ ಒಂದು ದಿನ ಬೆಳಗಿನ ವ್ಯಾಪಾರವನ್ನು ಸಾಬಮ್ಮನ ಮೇಲೆ ಬಿಟ್ಟು ಬಂಡೆಪ್ಪ ಆಟೊ ಹಿಡಿದು ಅಕ್ಕನ ಮನೆಗೆ ಬಂದ. ಸಾಬಮ್ಮ ಖಾನಾವಳಿಯ ರೊಟ್ಟಿ ಬಡಿಯುವವರಲ್ಲಿ ಹಿರಿಯಳು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾಳೆ. ಊಟದ ಹೊತ್ತು ಹತ್ತಿರ ಬಂದಾಗ ಬಂಡೆಪ್ಪ ಗಲ್ಲಾ ಬಿಟ್ಟು ಎದ್ದ ಉದಾಹರಣೆಯೇ ಇರಲಿಲ್ಲ. ಹಾಗಾಗಿ ಬಾಗಿಲಲ್ಲಿ ಅವನನ್ನು ಕಂಡು ಗಿರಿಜಾಬಾಯಿಗೆ ಗಾಬರಿಯಾಯಿತು.

"ಅಕ್ಕಾ, ಬಂಗಾರದ ರೇಟ್ ನೋಡೀಯೇನು?" ಎಂದ, ಚಪ್ಪಲಿ ಬಿಡುತ್ತಲೇ.

"ದಿನಾ ಪೇಪರಿನಾಗ ಬರತೈತಿ. ಯಾಕ, ಯಾರದರ ಲಗ್ನ ಐತೇನು?"

"ಕೊಳ್ಳೋ ಮಾತಲ್ಲಕ್ಕಾ. ಅಗಿಯೋ ಮಾತು."

ಚಹಾ ಮುಗಿಯುವಷ್ಟರಲ್ಲಿ ಅವನು ಎಲ್ಲ ಹೇಳಿದ. ಖಾನಾವಳಿಗೆ ಊಟಕ್ಕೆ ಬರುವ ಋಷಭ್ ಎಂಬ ತರುಣನಿಗೆ ಆಫ್ರಿಕಾದ ತಾಂಜಾನಿಯಾದಲ್ಲಿ ಒಂದು ಸಣ್ಣ ಚಿನ್ನದ ಗಣಿಯವರ ಪರಿಚಯವಿದೆ. ದೊಡ್ಡ ಕಂಪನಿಯದಲ್ಲ, ಐವತ್ತು ಜನ ಅಗೆಯುತ್ತಾರೆ, ಎರಡು ಗಿರಣಿಗಳಲ್ಲಿ ಕಲ್ಲು ಅರೆಯುತ್ತಾರೆ. ಇನ್ನೆರಡು ಯಂತ್ರ ಹಾಕಿದರೆ ಉತ್ಪತ್ತಿ ನಾಲ್ಕು ಪಟ್ಟಾಗುತ್ತದಂತೆ. ಅದಕ್ಕೆ ಪಾಲುದಾರರು ಬೇಕು. ಬಂಡೆಪ್ಪ ಖಾನಾವಳಿಯ ಕಟ್ಟಡವನ್ನು ಬ್ಯಾಂಕಿಗೆ ಒತ್ತೆ ಇಡಬೇಕೆಂದಿದ್ದ. ಅದಕ್ಕೆ ಅಕ್ಕನ ಸಹಿ ಬೇಕು.

"ನಾ ಒಬ್ಬನ ಅಲ್ಲ. ಅಬಿಡ್ಸಿನ ಬಟ್ಟಿ ಅಂಗಡಿ ಗುರುಶಾಂತಣ್ಣ ಅದಾರ, ಇನ್ನೂ ಹತ್ತು ಮಂದಿ ನಮ್ಮ ಕಡಿಯವರ ಅದಾರ. 'ನಿಮ್ಮಕ್ಕ ಗಣಿ ಲ್ಯಾಬಿನಾಗ ಇದ್ದಾಕಿ, ಆಕಿ ಹೂಂ ಅಂದ್ರ ನಾವೂ ಹೂಂ' ಅಂದಾರ."

"ನನ್ನ ಕೇಳದ ನನ್ನ ಹೆಸರು ಹನ್ನೊಂದು ಮಂದಿಗೆ ಹಂಚಿ ಬಂದೀ ಅಂದಂಗಾತು."

"ಒಳ್ಳೆ ಹೆಸರು ಐತಿ, ಹಂಚೀನಿ" ಎಂದು ಬಂಡೆಪ್ಪ ನಕ್ಕ. ಅಕ್ಕ ನಗದಿದ್ದಾಗ ಅವನ ದನಿ ಇಳಿಯಿತು. "ಹನ್ನೆರಡನೇ ವಯಸ್ಸಿಗೆ ಅಪ್ಪ ನನ್ನ ಒಲಿ ಮುಂದ ಕೂಡಿಸಿದ. ಈಗ ಐವತ್ತೆಂಟು. ಊರ ಮಂದಿಗೆ ನೀಡೋದ ಆತು ಅಕ್ಕಾ. ಒಮ್ಮೆ ನಾನೂ ಕುಂತು ಉಣಬೇಕು ಅನಸ್ತೈತಿ. ತಪ್ಪೇನು?"

ತಪ್ಪಲ್ಲ ಎಂದು ಗಿರಿಜಾಬಾಯಿಗೂ ಗೊತ್ತಿತ್ತು. ತನ್ನನ್ನು ಅಪ್ಪ ಕಾಲೇಜಿಗೆ ಕಳಿಸಿದ್ದು, ಬಂಡೆಪ್ಪ ಒಲೆಯ ಮುಂದೆ ಕೂತಿದ್ದರಿಂದ ಎಂಬುದೂ ಗೊತ್ತಿತ್ತು. ಅದಕ್ಕೇ ಆಕೆ ಕೂಡಲೇ ಬೇಡವೆನ್ನಲಿಲ್ಲ. ಬೇಕೆಂದೂ ಅನ್ನಲಿಲ್ಲ.

"ಕಲ್ಲು ತರಸು" ಎಂದಳು. "ಕಲ್ಲು ನೋಡದ ನಾ ಮಾತಾಡೂದಿಲ್ಲ."

ಮುಂದಿನ ವಾರ ಋಷಭ್‌ನನ್ನು ಖಾನಾವಳಿಯಲ್ಲಿ ಭೇಟಿಯಾದಳು. ಮಧ್ಯಾಹ್ನದ ಗದ್ದಲ ಮುಗಿದು ಹೆಂಗಸರು ಹಿಟ್ಟಿನ ಪರಾತ ತೊಳೆಯುತ್ತಿದ್ದ ಹೊತ್ತು. ಹುಡುಗ ಚೆನ್ನಾಗಿ ಮಾತಾಡುತ್ತಿದ್ದ. ಬೀದರಿನಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ಬೆಳೆದವನು. ಕನ್ನಡದ ನಡುನಡುವೆ ಹಿಂದಿ ಜಾರಿ ಬರುತ್ತಿತ್ತು. ಗಿರಿಜಾಬಾಯಿ ಇನ್ನೂರು ಪುಟದ ನೋಟ್‌ಬುಕ್ ತೆರೆದು ಪೆನ್ನಿನ ಮುಚ್ಚಳ ಬಿಚ್ಚಿದಳು.

"ಗಣಿ ಲೈಸೆನ್ಸು ಯಾರ ಹೆಸರಿನಾಗ ಐತ್ರಿ?"

"ಅಲ್ಲಿಯವರ ಹೆಸರಿನಾಗ ಆಂಟಿ. ಸಣ್ಣ ಗಣಿ ಲೈಸೆನ್ಸು ಹೊರಗಿನವರಿಗೆ ಕೊಡೂದಿಲ್ಲರಿ ಅಲ್ಲಿ. ನಮ್ಮ ಜೋಡಿ ಪಕ್ಕಾ ಅಗ್ರಿಮೆಂಟ್ ಐತಿ."

ಆಕೆ ಬರೆದುಕೊಂಡಳು: ನೆಲದ ಹಕ್ಕು ಅವರದು, ನಮ್ಮದು ಬರೀ ಕರಾರು.

"ಮಳೆಗಾಲದಾಗ ಎಷ್ಟು ತಿಂಗಳು ಕೆಲಸ ಬಂದ್ ಇರತೈತ್ರಿ? ಗುಂಡಿಗೆ ನೀರು ಬಂದಿರಬೇಕಲ್ಲ?"

ಋಷಭ್ "ಪಂಪು ಅದಾವರಿ" ಎಂದ.

"ಬಂಗಾರ ಹೆಂಗ ತೆಗೀತಾರ? ಪಾದರಸ ಹಾಕಿ?"

"ಹಾಂ ಜೀ."

"ಹಂಗಂದ್ರ ಕಲ್ಲಿನಾಗಿನ ಬಂಗಾರ ಅರ್ಧ ಸುದ್ದಾ ಕೈಗೆ ಸಿಗೂದಿಲ್ಲ. ಉಳದದ್ದು ರಾಡಿ ಜೋಡಿ ಹರಕೊಂಡು ಹೋಗತೈತಿ. ಹೋಗ್ಲಿ. ಸಿಕ್ಕದ್ದನ್ನ ತೂಗೂ ಮುಂದ ಅಲ್ಲಿ ಯಾರು ನಿಂತಿರತಾರ?"

"ಮ್ಯಾನೇಜರ್ ಇರತಾರ ಆಂಟಿ."

"ನಮ್ಮವರೋ, ನಿಮ್ಮವರೋ?"

"ಎಲ್ಲಾ ಒಂದ ಅಲ್ರೀ!" ಎಂದು ಋಷಭ್ ಬಂಡೆಪ್ಪನ ಕಡೆ ನೋಡಿ ನಕ್ಕ. ಬಂಡೆಪ್ಪನೂ ನಕ್ಕ. ಗಿರಿಜಾಬಾಯಿ 'ಅವರ ಕಡೆಯವರು' ಎಂದು ಬರೆದು ಅಡಿಗೆರೆ ಎಳೆದಳು.

ಒಳಗಿನಿಂದ ಸಾಬಮ್ಮ ಕೂಗಿದಳು: "ಅಕ್ಕಾರ, ನನ್ನ ಮಗಳಿಗೆ ವರ ನೋಡೂ ಮುಂದ ನಿಮ್ಮನ್ನ ಕರಕೊಂಡು ಹೋಗಿದ್ರ ಚೊಲೋ ಆಗತಿತ್ತು ನೋಡ್ರಿ!"

ಕಲ್ಲು ಬಂತು. ಇಪ್ಪತ್ತು ಕಿಲೋದ ಚೀಲ, ಮೇಲೆ ಮೊಹರು. ಗಣಿಯ ಐದು ಬೇರೆ ಬೇರೆ ಜಾಗದಿಂದ ತೆಗೆದದ್ದು ಎಂದು ಒಳಗೆ ಐದು ಗಂಟುಗಳಿದ್ದವು. ಹೆಚ್ಚಿನವು ಬಿಳಿಯ ಬೆಣಚು ಕಲ್ಲು. ಗಿರಿಜಾಬಾಯಿ ಖಾನಾವಳಿಯ ಹಿತ್ತಲಲ್ಲಿ ಗೋಣಿ ಹಾಸಿ, ಮೂಗಿಗೆ ಸೆರಗು ಕಟ್ಟಿ, ಎರಡು ದಿನ ಸುತ್ತಿಗೆಯಿಂದ ಕುಟ್ಟಿದಳು. ಪ್ರತಿ ಗಂಟಿನ ಕಲ್ಲನ್ನೂ ಕಡಲೆಕಾಳಿನಷ್ಟು ಸಣ್ಣದು ಮಾಡಿ, ಗುಡ್ಡೆ ಹಾಕಿ, ತಟ್ಟಿ ಚಪ್ಪಟೆ ಮಾಡಿ, ರೊಟ್ಟಿಯನ್ನು ಮುರಿದ ಹಾಗೆ ನಾಲ್ಕು ಪಾಲು ಮಾಡಿದಳು. ಎದುರುಬದುರಿನ ಎರಡು ಪಾಲು ಪರೀಕ್ಷೆಗೆ, ಉಳಿದೆರಡು ತನ್ನ ಬಳಿ. ಒಂದು ಗಂಟಿನ ಕಲ್ಲನ್ನು ಬೇಕೆಂದೇ ಎರಡು ಪೊಟ್ಟಣ ಮಾಡಿದಳು, ಎರಡಕ್ಕೂ ಒಂದೇ ಉತ್ತರ ಬರುತ್ತದೋ ನೋಡಲು. ಆರು ಪೊಟ್ಟಣಗಳಾದವು.

ಇನ್ನು ಖಾಲಿ ಕಲ್ಲು ಬೇಕಿತ್ತು. ಸುತ್ತ ನೋಡಿದಳು. ನಲ್ಲಿಯ ಪಕ್ಕ ಅವ್ವನ ಕಾಲದ ಒರಳು ಬಿದ್ದಿತ್ತು. ಮಿಕ್ಸಿ ಬಂದ ಮೇಲೂ ಸಾಬಮ್ಮ ಶೇಂಗಾ ಚಟ್ನಿಗೆ ಅದನ್ನೇ ಬಳಸುತ್ತಿದ್ದಳು. ಎರಡು ವರ್ಷದ ಹಿಂದೆ ಬಿರುಕು ಬಿಟ್ಟು ಅಂಚು ಒಡೆದಿತ್ತು. ಕರಿ ಬೂದು ಬಣ್ಣದ ಗಟ್ಟಿ ಕಲ್ಲು. ಗಿರಿಜಾಬಾಯಿ ಅದನ್ನು ಮೂರು ಸಲ ತೊಳೆದು, ಒಣಗಿಸಿ, ಒಡೆದ ಅಂಚಿನಿಂದ ಇನ್ನಷ್ಟು ಕೆತ್ತಿ ತೆಗೆದಳು. ಅದನ್ನೂ ಕುಟ್ಟಿ ಪಾಲು ಮಾಡಿ ಎರಡು ಪೊಟ್ಟಣ ಕಟ್ಟಿದಳು. ಒಟ್ಟು ಎಂಟಕ್ಕೂ ಬರೀ ಅಂಕಿ ಹಾಕಿದಳು. ಮೂರು ಮತ್ತು ಆರು ಒರಳಿನವು. ಆ ಗುಟ್ಟು ಇದ್ದದ್ದು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಮಾತ್ರ.

ಮರುದಿನ ಪೊಟ್ಟಣ ಒಯ್ಯಲು ಬಂದರೆ ಅವು ಇರಲಿಲ್ಲ.

"ಋಷಭ್ ಬಂದಿದ್ದ. ಅವರ ಪರಿಚಯದ ಲ್ಯಾಬು ಐತಂತ, ಪುಕ್ಕಟೆ ಮಾಡಿಸಿ ಕೊಡತೀನಿ ಅಂದ. ಕೊಟ್ಟು ಕಳಿಸೀನಿ" ಎಂದ ಬಂಡೆಪ್ಪ, ಒಳ್ಳೆಯ ಕೆಲಸ ಮಾಡಿದವನ ಮುಖ ಮಾಡಿಕೊಂಡು. "ನಿನಗ ಸುಮ್ಮನ ತ್ರಾಸು ಯಾಕಂತ."

"ಬಂಡೂ, ಪರೀಕ್ಷಾದಾಗ ಕುಂತವನ ಕೈಯಾಗ ಉತ್ತರಪತ್ರಿಕೆ ತಿದ್ದಾಕ ಕೊಟ್ಟಂಗಾತಲ್ಲೋ!"

ಇನ್ನೂ ಬೈಯಬೇಕೆನಿಸಿತ್ತು. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಆಕೆ ಯೋಚಿಸಿದಳು. ಕಲ್ಲಿನ ಉಳಿದ ಪಾಲು ತನ್ನ ಬಳಿಯೇ ಇದೆ. ಹೋದ ಪೊಟ್ಟಣಗಳು ಕಲ್ಲನ್ನು ಪರೀಕ್ಷಿಸದಿದ್ದರೂ, ಕೊಂಡೊಯ್ದವನನ್ನು ಪರೀಕ್ಷಿಸುತ್ತವೆ. ಹೋಗಲಿ.

ಒಂಬತ್ತನೆಯ ದಿನ ವರದಿ ಬಂತು. ದಪ್ಪ ಕಾಗದ, ನೀಲಿ ಮುದ್ರೆ. ಎಂಟು ಅಂಕಿಗಳೂ ಟನ್ನಿಗೆ ಒಂಬತ್ತೂವರೆಯಿಂದ ಹದಿಮೂರು ಗ್ರಾಂ ಒಳಗೆ. ಬಂಡೆಪ್ಪ ಅದರ ಜೆರಾಕ್ಸ್ ಮಾಡಿಸಿ ಆಗಲೇ ಹನ್ನೊಂದು ಮಂದಿಗೂ ಹಂಚಿದ್ದ.

ದಿಲ್‌ಸುಖ್‌ನಗರದ ಮನೆಯಲ್ಲಿ ಕಾವ್ಯಾ ವರದಿ ಓದುತ್ತಾ ತಾಯಿಯ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಒಮ್ಮೆ ನೋಡಿದಳು, ಮತ್ತೆ ನೋಡಿದಳು.

"ಅವ್ವಾ, ಮೂರನೇದು 11.4. ಆರನೇದು 10.2. ಅವು ಅಜ್ಜಿಯ ಒರಳಿನವು ಅಲ್ಲೇನು?"

"ಹೌದು."

"ಅಂದ್ರ ಇವರು ಪೊಟ್ಟಣ ಬಿಚ್ಚೇ ಇಲ್ಲ!"

"ಬಿಚ್ಚಿದ್ರ ಬಣ್ಣ ನೋಡೇ ಕೇಳತಿದ್ರು, ಇದೇನು ಬ್ಯಾರೆ ಕಲ್ಲು ಅಂತ." ಗಿರಿಜಾಬಾಯಿ ಕನ್ನಡಕ ಒರೆಸಿದಳು. "ಇನ್ನೊಂದು ನೋಡು. ಬಂಗಾರ ಕಲ್ಲಿನಾಗ ಹಿಂಗ ಶಿಸ್ತಿನಿಂದ ಕುಂದರೂದಿಲ್ಲ. ಒಂದು ಕಡೆ ಇಪ್ಪತ್ತು ಇದ್ರ, ಎರಡು ಮಾರು ಆಚಿಗೆ ಸೊನ್ನಿ. ಎಂಟಕ್ಕ ಎಂಟೂ ಸಾಲಿ ಹುಡುಗರಂಗ ಸಾಲಾಗಿ ನಿಂತಾವು."

"ಈಗ ಮಾಮಾಗ ಫೋನ್ ಹಚ್ಚು."

"ಈಗ ಬ್ಯಾಡ. ಇದರಿಂದ ವರದಿ ಸುಳ್ಳು ಅಂತ ಗೊತ್ತಾತು. ಗಣಿ ಸುಳ್ಳು ಅಂತ ಇನ್ನೂ ಗೊತ್ತಾಗಿಲ್ಲ. ಎರಡೂ ಒಂದ ಅಲ್ಲ."

ಕಾವ್ಯಾ ತಲೆ ಚಚ್ಚಿಕೊಂಡಳು. ತಾಯಿ ಅಬಿಡ್ಸಿನ ದೊಡ್ಡ ಅಂಚೆ ಕಚೇರಿಗೆ ಹೋಗಿ, ಉಳಿದ ಪಾಲಿನಿಂದ ಕಟ್ಟಿದ ಎಂಟು ಪೊಟ್ಟಣಗಳನ್ನು ಬೇರೆ ಊರಿನ ಇನ್ನೊಂದು ಪ್ರಯೋಗಾಲಯಕ್ಕೆ ಸ್ವಂತ ಖರ್ಚಿನಲ್ಲಿ ಕಳಿಸಿದಳು. ಅದೇ ಅಂಕಿ, ಅದೇ ಕ್ರಮ.

ಅಲ್ಲಿಂದ ಉತ್ತರ ಬರಲು ಮೂರು ವಾರ ಬೇಕಿತ್ತು. ಆ ಮೂರು ವಾರ ಆಕೆಯ ಫೋನು ಸುಮ್ಮನಿರಲಿಲ್ಲ. ಪಾಲು ತೆಗೆದುಕೊಳ್ಳಲು ತಿಂಗಳ ಕೊನೆಯೇ ಕೊನೆ ಎಂದ ಋಷಭ್. ಯಂತ್ರದ ಬೆಲೆ ಏರುತ್ತಿದೆ ಎಂದ. ಮುಂಬೈಯವರು ಕಾಯುತ್ತಿದ್ದಾರೆ ಎಂದ. ಗುರುಶಾಂತ ತಾನೇ ಮನೆಗೆ ಬಂದು, "ಗಿರಿಜಾಬಾಯಾರ, ಹನ್ನೊಂದು ಗ್ರಾಂ ಅಂದ್ರ ಚೊಲೋ ಅಂತಾರಲ್ರೀ. ಮತ್ಯಾಕ ತಡ?" ಎಂದು ಕೇಳಿದ. "ಹನ್ನೊಂದು ಇದ್ರ ಭಾಳ ಚೊಲೋರಿ. ಇನ್ನ ಹನ್ನೆರಡು ದಿನ ತಡೀರಿ" ಎಂದಳು. ಮರುವಾರ ಬಂಡೆಪ್ಪ ಫೋನು ಮಾಡಿದಾಗ "ಇನ್ನ ಐದು ದಿನ" ಎಂದಳು. ಅವನು ಪಟ್ಟನೆ ಫೋನಿಟ್ಟ.

ಉತ್ತರ ಶುಕ್ರವಾರ ಬಂತು. ಒರಳಿನ ಎರಡೂ ಪೊಟ್ಟಣ ಖಾಲಿ. ಗಣಿಯ ಐದು ಕಲ್ಲುಗಳಲ್ಲಿ ಒಂದರಲ್ಲಿ 7.9 ಗ್ರಾಂ, ಉಳಿದವುಗಳಲ್ಲಿ ಅರ್ಧ, ಕಾಲು, ಹೆಚ್ಚೆಂದರೆ ಒಂದು ಗ್ರಾಂ. ಎರಡು ಪಾಲು ಮಾಡಿದ ಕಲ್ಲು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಟ್ಟಿತ್ತು. ಗಿರಿಜಾಬಾಯಿಗೆ ಆ ಕಾಗದ ನೋಡಿ ಒಂದು ಬಗೆಯ ಸಮಾಧಾನವಾಯಿತು. ನಿಜವಾದ ಕಲ್ಲು ಹೀಗೆಯೇ ಮಾತಾಡುತ್ತದೆ.

ಶನಿವಾರ ತಮ್ಮನಿಗೊಬ್ಬನಿಗೇ ಹೇಳಲು ಹೋದಳು. ಮಂದಿಯ ಮುಂದೆ ಅವನ ಮುಖ ಕೆಡುವುದು ಆಕೆಗೆ ಬೇಕಿರಲಿಲ್ಲ. ಅವನು ಗಲ್ಲಾದಿಂದ ತಲೆ ಎತ್ತಲಿಲ್ಲ. "ಏನ ಇದ್ರೂ ನಾಳೆ ಎಲ್ಲಾರ ಮುಂದ ಹೇಳು. ನನಗೊಬ್ಬಂಗ ಹೇಳಿ ನನ್ನ ಮನಸ್ಸು ತಿರುಗಿಸಬೇಕಂತೀಯೇನು? ನಾ ತಿರುಗೂದಿಲ್ಲ" ಎಂದ.

ಭಾನುವಾರ ಮೂರು ಗಂಟೆಗೆ ಖಾನಾವಳಿಯ ಮೇಜುಗಳನ್ನು ಒಂದಕ್ಕೊಂದು ಜೋಡಿಸಿದ್ದರು. ಹನ್ನೊಂದು ಮಂದಿಯೂ ಬಂದಿದ್ದರು. ಋಷಭ್ ಕಾಗದಗಳನ್ನು ಸಾಲಾಗಿ ಇಟ್ಟು ಪೆನ್ನನ್ನು ಗಿರಿಜಾಬಾಯಿಯ ಕಡೆ ತಿರುಗಿಸಿದ. ಆಕೆ ಪೆನ್ನು ಮುಟ್ಟಲಿಲ್ಲ.

"ನಿಮ್ಮ ವರದಿಯಾಗ ಮೂರನೇ ಪೊಟ್ಟಣಕ್ಕ ಎಷ್ಟು ಐತ್ರಿ? ದೊಡ್ಡದಾಗಿ ಓದ್ರಿ."

"11.4 ಆಂಟಿ."

"ಆರನೇದಕ್ಕ?"

"10.2. ಬಹುತ್ ಅಚ್ಛಾ ಐತ್ರಿ ಅದೂ."

ಗಿರಿಜಾಬಾಯಿ ಎದ್ದು, "ಬಂಡೂ, ಬಾ. ಎಲ್ಲಾರೂ ಬರ್ರಿ" ಎಂದು ಹಿತ್ತಲಿಗೆ ನಡೆದಳು. ಒಬ್ಬರ ಹಿಂದೆ ಒಬ್ಬರು ಬಂದು ನಲ್ಲಿಯ ಸುತ್ತ ನಿಂತರು. ಆಕೆ ಒರಳಿನ ಹೊಸ ಗಾಯದ ಮೇಲೆ ಕೈಯಿಟ್ಟಳು.

"ಮೂರನೇದೂ ಆರನೇದೂ ಇದು. ನಮ್ಮವ್ವನ ಒರಳು. ನಾನ ಕೆತ್ತಿ ಹಾಕೀನಿ."

ಮೊದಲು ತಿಳಿದದ್ದು ಸಾಬಮ್ಮನಿಗೆ.

"ಅಯ್ಯಯ್ಯ! ಇಪ್ಪತ್ತು ವರ್ಷ ಬಂಗಾರದ ಒರಳಿನಾಗ ಚಟ್ನಿ ಕುಟ್ಟೀನಿ, ಪಗಾರ ಮಾತ್ರ ಅಷ್ಟ ಐತಲ್ರೀ ನಂದು!"

ಗುರುಶಾಂತ ಮೊದಲು ನಕ್ಕ, ಆಮೇಲೆ ಉಳಿದವರು. ಬಂಡೆಪ್ಪ ನಗಲಿಲ್ಲ. ಅವನು ಒರಳನ್ನೇ ನೋಡುತ್ತಿದ್ದ.

"ಲ್ಯಾಬಿನವರ ಗಲತಿ ಇರಬೇಕ್ರಿ" ಎಂದ ಋಷಭ್, ಬೆವರು ಒರೆಸುತ್ತಾ. "ಯಂತ್ರ ತೊಳದಿರೂದಿಲ್ಲ..."

"ನಾನೂ ಹಂಗ ಅನಕೊಂಡೆ. ಯಂತ್ರ ತೊಳೀದಿದ್ರ 0.3 ಬರತೈತ್ರಿ. ನನಗ ಬಂದಿತ್ತು. ಹನ್ನೊಂದು ಬರೂದಿಲ್ಲ." ಆಕೆ ಎರಡನೆಯ ವರದಿಯನ್ನು ತೆಗೆದು ಗುರುಶಾಂತನ ಕೈಗೆ ಕೊಟ್ಟಳು. "ಅಲ್ಲಿ ಬಂಗಾರ ಇಲ್ಲ ಅಂತ ನಾ ಹೇಳೂದಿಲ್ಲ. ಐತಿ. ಒಂದು ಕಲ್ಲಿನಾಗ ಚೊಲೋ ಐತಿ. ಮಳಿ, ನೀರು, ಲೈಸೆನ್ಸು ಎಲ್ಲಾ ಲೆಕ್ಕ ಹಾಕಿ ನೋಡಿದೆ. ಅವು ಗೊತ್ತಿದ್ದ ಅಪಾಯ, ಇಷ್ಟು ಅಂತ ಹೇಳಬಹುದು. ಆದ್ರ ಹಿಮಾಯತ್‌ನಗರದಾಗ, ನನ್ನ ಕಣ್ಣ ಮುಂದ, ಒರಳಿಗೆ ಹನ್ನೊಂದು ಗ್ರಾಂ ಬರಕೊಟ್ಟವರು ಸಮುದ್ರದ ಆಚಿ ಬಂಗಾರ ತೂಗೂ ಮುಂದ ಎಷ್ಟು ಬರೀತಾರ? ಅದನ್ನ ಲೆಕ್ಕ ಹಾಕೋ ತಕ್ಕಡಿ ನನ್ನ ಹತ್ರ ಇಲ್ಲ. ನಾ ಸಹಿ ಮಾಡೂದಿಲ್ಲ. ನನ್ನ ಹೆಸರ ಮ್ಯಾಲೆ ಬಂದವರು ಯಾರಿದ್ರೂ, ನನ್ನ ಮಾತು ಇಷ್ಟ."

ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತೇನೆ ಎಂದ ಋಷಭ್. "ಮಾಡಸ್ರಿ. ಈ ಸಲ ಪೊಟ್ಟಣ ನಾನ ಹಿಡಕೊಂಡು ಬರತೀನಿ, ನೀವು ದಾರಿ ತೋರಸ್ರಿ" ಎಂದಳು. ಅವನು ಫೋನು ಮಾಡುವುದಾಗಿ ಹೇಳಿ ಹೋದ. ಫೋನು ಬರಲಿಲ್ಲ, ಅವನು ಊಟಕ್ಕೆ ಬರುವುದನ್ನೂ ಬಿಟ್ಟ.

ಬಂಡೆಪ್ಪ ಹನ್ನೆರಡು ದಿನ ಅಕ್ಕನ ಜೊತೆ ಮಾತು ಬಿಟ್ಟ. ಮೋಸ ತಪ್ಪಿತಲ್ಲ ಎಂದು ಮಂದಿ ಬೆನ್ನು ತಟ್ಟಿದಷ್ಟೂ ಅವನ ಮುಖ ಗಂಟಿಕ್ಕುತ್ತಿತ್ತು. ಕುಂತು ಉಣ್ಣಬೇಕೆಂಬ ಆಸೆ ಸುಳ್ಳಾಗಿರಲಿಲ್ಲವಲ್ಲ. ಗಿರಿಜಾಬಾಯಿಗೆ ಅದು ಅರ್ಥವಾಗುತ್ತಿತ್ತು. ಆದರೂ ಆಕೆ ಕ್ಷಮೆ ಕೇಳಲಿಲ್ಲ. ಸರಿಯಾದ ಅಂಕಿ ಬರೆದದ್ದಕ್ಕೆ ಆಕೆ ಎಂದೂ ಯಾರ ಕ್ಷಮೆಯನ್ನೂ ಕೇಳಿದವಳಲ್ಲ. ಬದಲಿಗೆ ಹದಿಮೂರನೆಯ ದಿನ ನೋಟ್‌ಬುಕ್ಕಿನಲ್ಲಿ ಒಂದು ಹೊಸ ಪುಟ ಬರೆದುಕೊಂಡು ಖಾನಾವಳಿಗೆ ಬಂದಳು: ವಾರದಲ್ಲಿ ಎರಡು ದಿನ, ಮಂಗಳವಾರ ಮತ್ತು ಶನಿವಾರ, ಗಲ್ಲಾದಲ್ಲಿ ತಾನು ಕೂರುವುದು. ಅವನು ಮನೆಯಲ್ಲಿರಬೇಕು, ಇಲ್ಲವೇ ಎಲ್ಲಿಗಾದರೂ ಹೋಗಬೇಕು, ಒಲೆಯ ಹತ್ತಿರ ಮಾತ್ರ ಬರಬಾರದು.

ಪುಟವನ್ನು ಹರಿದು ಗಲ್ಲಾದ ಮೇಲಿಟ್ಟು, ಮೂಲೆಯ ಮೇಜಿನಲ್ಲಿ ಕೂತಳು. ಬಂಡೆಪ್ಪ ಓದಿದ. ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ತಾನೇ ತಾಟು ತಂದು ಅಕ್ಕನ ಮುಂದಿಟ್ಟ: ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಚಟ್ನಿ. ಇಟ್ಟು ಅಲ್ಲೇ ಕೈಕಟ್ಟಿ ನಿಂತ.

ಗಿರಿಜಾಬಾಯಿ ಒಂದು ತುತ್ತು ತಿಂದಳು. ಇನ್ನೊಂದು ಬರೀ ಪಲ್ಯ ತಿಂದು ನೋಡಿದಳು.

"ಬಂಡೂ, ಪಲ್ಯಾಕ್ಕ ಉಪ್ಪ ಹಾಕಿಲ್ಲ."

ಅವನ ಮುಖ ಸಡಿಲವಾಯಿತು. ಒಳಗೆ ತಿರುಗಿ ಕೂಗಿದ:

"ಸಾಬಮ್ಮಾ, ಅಕ್ಕನ ಲ್ಯಾಬು ಬರೋಬ್ಬರಿ ಐತಿ! ಇನ್ನ ಉಪ್ಪು ಹಾಕಿದ್ದು ತಗೊಂಡು ಬಾ. ಎರಡು ತಾಟು ತಾ, ನಾನೂ ಕುಂದರತೀನಿ."